ದುಂಡಗಿನ ಅಕ್ಷರಕ್ಕೆ ಯಾವ ಗೋಡೆ?

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಸಿಗುತ್ತದೆ. ಹಳೆಯ ಗುಡಿಗಳ ಊರು, ತರಕಾರಿ ಮಾರುಕಟ್ಟೆಯ ಊರು. ಇಂಥ ಊರುಗಳ ಬೋರ್ಡುಗಳನ್ನು ಒಂದು ಕಾಲಕ್ಕೆ ಕುಂಚ ಬರೆಯುತ್ತಿತ್ತು. ಈಗ ಫ್ಲೆಕ್ಸ್ ಯಂತ್ರ ಮುದ್ರಿಸುತ್ತದೆ. ಈ ಮಾತುಕತೆಯಲ್ಲಿ ಒಬ್ಬರು ಕುಂಚದ ಕಾಲದ ಹಿರಿಯ ಪೇಂಟರ್. ಇನ್ನೊಬ್ಬಳು ಕಂಪ್ಯೂಟರಿನಲ್ಲಿ ಬೋರ್ಡು, ಬ್ಯಾನರು, ಆಹ್ವಾನಪತ್ರಿಕೆಗಳ ವಿನ್ಯಾಸ ಮಾಡುವ ಯುವತಿ. ಕನ್ನಡದ ಅಕ್ಷರವೆಂದರೆ ಇಬ್ಬರಿಗೂ ಪ್ರಾಣ. ವಾದ ಹುಟ್ಟಿದ್ದು ಒಂದು ಫಾಂಟಿನ ಮೇಲೆ.

ಹಿರಿಯ: ಮಗಾ, ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ಬರೋವಷ್ಟರಲ್ಲಿ ಮೂರು ಬೋರ್ಡು ನೋಡಿದೆ. ಒಂದು ಬೇಕರಿದು, ಒಂದು ಔಷಧಿ ಅಂಗಡಿದು, ಇನ್ನೊಂದು ಶ್ರದ್ಧಾಂಜಲಿ ಬ್ಯಾನರ್. ಮೂರಕ್ಕೂ ಅದೇ ಅಕ್ಷರ. ದಪ್ಪಗೆ, ಮೂಲೆಯೆಲ್ಲ ಉರುಟಾಗಿ, ನಗ್ತಾ ನಿಂತಿರೋ ಅಕ್ಷರ. ಬೇಕರಿಗೆ ಒಪ್ಪಿದೆ, ಔಷಧಿ ಅಂಗಡಿಗೆ ಒಪ್ಪಲ್ಲ. ತೀರಿಕೊಂಡವರ ಫೋಟೊ ಕೆಳಗೆ ಆ ನಗು ಯಾಕೆ ಬೇಕಿತ್ತು?

ಯುವತಿ: ಅದರ ಹೆಸರು ಬಾಲೂ ತಮ್ಮ. ಮುಂಬೈನ ಏಕ್ ಟೈಪ್ ಅನ್ನೋ ವಿನ್ಯಾಸಕಾರರ ತಂಡ ಮಾಡಿದ್ದು. ಒಂದೇ ಸ್ವಭಾವದ ಅಕ್ಷರವನ್ನ ಒಂಬತ್ತು ಭಾರತೀಯ ಲಿಪಿಗಳಿಗೆ ಕೂರಿಸಿದರು, ಆಮೇಲೆ ಉರ್ದುವಿಗೂ ಮಾಡಿದರು. ಕನ್ನಡದ್ದು ತಮ್ಮ, ತೆಲುಗಿನದು ತಮ್ಮುಡು, ತಮಿಳಿನದು ತಂಬಿ, ಮಲಯಾಳದ್ದು ಚೇಟ್ಟನ್. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತೆ. ಮುಕ್ತ ಪರವಾನಗಿ ಇರೋದರಿಂದ ವ್ಯಾಪಾರಕ್ಕೂ ಬಳಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಹಿರಿಯ: ಬಾಲೂ ಅಂದ್ರೆ ಕಿಪ್ಲಿಂಗನ ಕಾಡಿನ ಕಥೆಲಿ ಬರೋ ಕರಡಿ ತಾನೆ?

ಯುವತಿ: ಆ ಕರಡಿಯ ಹೆಸರೇ. ಮಾಡಿದವರೂ ಈ ಅಕ್ಷರವನ್ನ ವರ್ಣಿಸುವಾಗ ತುಪ್ಪಳ, ಪಂಜ ಅಂತಲೇ ಹೇಳ್ತಾರೆ. ಮೆತ್ತಗಿದ್ದರೂ ಗಟ್ಟಿ, ಜೊತೆಗೆ ಒಂದಿಷ್ಟು ತುಂಟತನ. ಇದು ಡಿಸ್‌ಪ್ಲೇ ಫಾಂಟ್. ಪುಟಗಟ್ಟಲೆ ಓದೋದಕ್ಕೆ ಮಾಡಿದ್ದಲ್ಲ. ಹೆಸರು, ಶೀರ್ಷಿಕೆ, ನಾಲ್ಕಾರು ಪದ, ಅದೂ ದೊಡ್ಡದಾಗಿ.

ಹಿರಿಯ: ಹಾಗಾದ್ರೆ ಮಾಡಿದವರೇ ಅದಕ್ಕೊಂದು ಗಡಿ ಹಾಕಿದಾರೆ. ಆ ಗಡಿ ದಾಟಿಸಿದವರು ನೀವು.

ಯುವತಿ: ದಾಟಿಸಿದ್ದು ಗಿರಾಕಿ. ಬಂದವರಿಗೆಲ್ಲ ನಾಲ್ಕು ಫಾಂಟ್ ತೋರಿಸ್ತೀನಿ, ಹೆಚ್ಚಿನವರ ಬೆರಳು ಹೋಗಿ ನಿಲ್ಲೋದು ಇದರ ಮೇಲೇ. ಯಾಕೆ ಅಂತ ಯೋಚಿಸಿದ್ದೀನಿ. ಕನ್ನಡ ಲಿಪಿಯೇ ದುಂಡಗಿದೆ. ತಾಳೆಗರಿಯ ಮೇಲೆ ಕಂಟದಲ್ಲಿ ನೇರ ಗೆರೆ ಎಳೆದರೆ ಗರಿ ನಾರಿನುದ್ದಕ್ಕೂ ಸೀಳುತ್ತೆ, ಅದಕ್ಕೇ ದಕ್ಷಿಣದ ಲಿಪಿಗಳು ಬಳಸಿ ಬಳಸಿ ಸಾಗಿದವು ಅಂತ ಲಿಪಿ ಬಲ್ಲವರು ಹೇಳ್ತಾರೆ. ಜನ ಈ ಅಕ್ಷರದಲ್ಲಿ ತಮ್ಮ ಲಿಪಿಯ ಗುಣವನ್ನೇ ನೋಡ್ತಿದ್ದಾರೆ.

ಹಿರಿಯ: ಗರಿಗೆ ನಾರಿದೆ, ಒಪ್ಪಿದೆ. ಕಲ್ಲಿಗೆ ನಾರೆಲ್ಲಿದೆ? ನಮ್ಮೂರ ಶಾಸನಗಳನ್ನ ಶಾಸನ ವಿದ್ವಾಂಸ ರೈಸ್ ಸಾಹೇಬರು 1898ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ ನಾಲ್ಕನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು, ಗುಂಡ್ಲುಪೇಟೆ ತಾಲೂಕಿನ ಭಾಗದಲ್ಲಿ ನೋಡು. ಉಳಿ ಹಿಡಿದವನು ನೇರ ಗೆರೆ ಕೊರೆಯಬಹುದಿತ್ತು, ಅದೇ ಸುಲಭ. ಆದರೂ ದುಂಡಗೇ ಕೊರೆದ. ದುಂಡು ನಮ್ಮ ಕಣ್ಣಿಗೆ ಅಂಟಿದ ಅಭ್ಯಾಸ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ದುಂಡು ಬೇರೆ, ದಪ್ಪ ಬೇರೆ. ಶಾಸನದ ಅಕ್ಷರ ಒಳಗೆ ಗಾಳಿಯಾಡೋ ಹಾಗೆ ದುಂಡಗಿದೆ. ನಿನ್ನ ಕರಡಿ ಮೈ ತುಂಬ್ಕೊಂಡು ಒಳಗಿನ ಜಾಗ ನುಂಗಿದೆ.

ಯುವತಿ: ದಪ್ಪ ಇದ್ದರೆ ತಾನೆ ದೂರದಿಂದ ಕಾಣೋದು?

ಹಿರಿಯ: ಕಾಣೋದು ಒಂದು, ಓದೋದು ಇನ್ನೊಂದು. ಕನ್ನಡದಲ್ಲಿ ದಕ್ಕೂ ಧಕ್ಕೂ ಎಷ್ಟು ವ್ಯತ್ಯಾಸ? ಬುಡದಲ್ಲೊಂದು ಚಿಕ್ಕ ಸೀಳು. ಡ ಢ, ಬ ಭ, ಪ ಫ, ಇವಕ್ಕೂ ಆ ಸೀಳೇ ಗತಿ. ರಕ್ಕೂ ಠಕ್ಕೂ ನಡುವೆ ಇರೋದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಧ ಅಕ್ಷರಕ್ಕೆ ಅದೇ ಚುಕ್ಕೆ ಇಟ್ಟರೆ ಥ. ಗೆರೆ ದಪ್ಪ ಆದಷ್ಟೂ ಸೀಳು ಮುಚ್ಚುತ್ತೆ, ಚುಕ್ಕೆ ಗೆರೆಗೆ ಅಂಟುತ್ತೆ. ದೊಡ್ಡ ಬೋರ್ಡಲ್ಲಿ ಪರವಾಗಿಲ್ಲ. ನೀವು ಅದನ್ನೇ ಕುಗ್ಗಿಸಿ ಕರಪತ್ರಕ್ಕೆ ಹಾಕಿದಾಗ ಶ್ರದ್ಧಾಂಜಲಿಯ ಒತ್ತಕ್ಷರ ಬರೀ ಉಂಡೆಯಾಗಿ ಕೂರುತ್ತೆ.

ಯುವತಿ: ಆ ಮಾತು ನಿಜ. ಅದಕ್ಕೆ ಮದ್ದೂ ಇದೆ. ಮೊದಲ ಬಾಲೂವಿನಲ್ಲಿ ಒಂದೇ ತೂಕ ಇತ್ತು, ಬರೀ ದಪ್ಪ. ಆಮೇಲೆ ಬಂದ ಬಾಲೂ ತಮ್ಮ 2ರಲ್ಲಿ ಐದು ತೂಕ ಇದೆ, ಸಾಧಾರಣದಿಂದ ಹಿಡಿದು ತೀರಾ ದಪ್ಪದವರೆಗೆ. ಸಣ್ಣ ಅಕ್ಷರಕ್ಕೆ ಹಗುರದ್ದು, ಹೆಸರಿಗೆ ದಪ್ಪದ್ದು. ಸೀಳು ತೆರೆದೇ ಇರುತ್ತೆ, ಗುಣವೂ ಕೆಡಲ್ಲ.

ಹಿರಿಯ: ಐದು ಇದ್ದರೂ ಗಿರಾಕಿ ಕೇಳೋದು ಐದನೇದನ್ನೇ.

ಯುವತಿ: ಕೇಳಿದ್ದಕ್ಕೆಲ್ಲ ಹೂಂ ಅನ್ನದೆ ಇರೋದು ನನ್ನ ಕೆಲಸ. ಅದು ಫಾಂಟಿನ ತಪ್ಪು ಹೇಗಾಗುತ್ತೆ? ಈಗ ನಾನು ಕೇಳ್ತೀನಿ, ನೀವು ಹೇಳಿ. ಶಾಲೆಗೆ, ಅಂಗನವಾಡಿಗೆ ಈ ಅಕ್ಷರ ಬೇಡ ಅಂತೀರಾ? ಆಟದ ಮೂಲಕ ಕಲಿಸೋ ನಲಿ-ಕಲಿ ಪದ್ಧತಿ ಶುರುವಾಗಿದ್ದು 1995ರಲ್ಲಿ, ಇಲ್ಲೇ ಪಕ್ಕದ ಎಚ್.ಡಿ. ಕೋಟೆಯಲ್ಲಿ. ಬೆತ್ತ, ಬಾಯಿಪಾಠ ಬಿಟ್ಟು ಚಿತ್ರದ ಕಾರ್ಡು, ಕಲಿಕಾ ಏಣಿ, ಆಟ. ಅ ಆ ಇ ಈ ಸಾಲು ಬಿಟ್ಟು ರ ಗ ಸ ದ ಅ ಇಂದ ಶುರು. ಆ ಐದು ಅಕ್ಷರವನ್ನ ಬಾಲೂ ತಮ್ಮದಲ್ಲಿ ಬರೆದು ನೋಡಿ. ಮುಟ್ಟೋಣ, ಹಿಡಿಯೋಣ ಅನ್ನಿಸುತ್ತೆ. ಮಗುವಿಗೆ ಅಕ್ಷರದ ಭಯ ಹೋಗೋದು ಹಾಗೇ ಅಲ್ಲವಾ?

ಹಿರಿಯ: ಭಯ ಹೋಗಲಿ, ಬಹಳ ಒಳ್ಳೇದು. ಶಾಲೆಯ ಗೋಡೆ, ಕಥೆ ಪುಸ್ತಕದ ಮುಖಪುಟ, ವಾರ್ಷಿಕೋತ್ಸವದ ಬ್ಯಾನರು, ಆಟೋಟದ ಬೋರ್ಡು, ಎಲ್ಲಕ್ಕೂ ಹಾಕು. ಆದರೆ ಮಗು ತಿದ್ದೋ ಅಕ್ಷರಕ್ಕೆ ಬೇಡ. ಬಳಪ ಹಿಡಿದ ಮಗುಗೆ ಗೆರೆ ಎಲ್ಲಿ ಶುರುವಾಗಿ ಎಲ್ಲಿ ತಿರುಗಿ ಎಲ್ಲಿ ನಿಲ್ಲುತ್ತೆ ಅನ್ನೋದು ಕಾಣಬೇಕು. ಅಕ್ಷರ ಇಷ್ಟು ಮೈ ತುಂಬ್ಕೊಂಡಿದ್ದರೆ ಒಳಗಿನ ದಾರಿ ಕಾಣೋದಿಲ್ಲ. ಅಂಚು ತಿದ್ದಬೇಕೋ ನಡು ತಿದ್ದಬೇಕೋ ಅಂತ ಕೈ ತಡವರಿಸುತ್ತೆ.

ಯುವತಿ: ಗುರುತಿಸೋದಕ್ಕೆ ಒಂದು ಅಕ್ಷರ, ಬರೆಯೋದಕ್ಕೆ ಇನ್ನೊಂದಾ? ಒಂದನೇ ತರಗತಿ ಮಗು ಎರಡು ರೂಪ ಯಾಕೆ ಹೊರಬೇಕು?

ಹಿರಿಯ: ಹೊರುತ್ತಲ್ಲ, ಆಗಲೇ ಹೊರ್ತಿದೆ! ಬಸ್ಸಿನ ಬೋರ್ಡಲ್ಲಿ ಒಂದು ರೂಪ, ಬಿಸ್ಕತ್ತಿನ ಪೊಟ್ಟಣದಲ್ಲಿ ಒಂದು, ಅವ್ವನ ಕೈಬರಹದಲ್ಲಿ ಇನ್ನೊಂದು. ಮೂರನ್ನೂ ಒಂದೇ ಅಕ್ಷರ ಅಂತ ಕಂಡುಕೊಳ್ಳೋದೇ ಓದು. ನಾನು ಹೇಳೋದು ಇಷ್ಟೇ, ಕೈಗೆ ಕೊಡೋ ರೂಪ ತೆಳ್ಳಗೆ, ನಿಚ್ಚಳವಾಗಿರಲಿ.

ಯುವತಿ: ಇರಲಿ. ಈಗ ನಿಮಗೆ ಕಷ್ಟದ ಪ್ರಶ್ನೆ. ಲಸಿಕೆ ಹಾಕಿಸಿ ಅಂತ ಪೋಸ್ಟರ್ ಮಾಡಬೇಕು. ವಿಷಯ ವೈದ್ಯಕೀಯದ್ದು, ನಿಮ್ಮ ಲೆಕ್ಕದಲ್ಲಿ ಗಂಭೀರ. ಆದರೆ ಸೂಜಿ ಅಂದರೆ ಮಗು ಹೆದರುತ್ತೆ, ಕೆಲವು ಸಲ ತಾಯಿಯೂ ಹೆದರುತ್ತಾಳೆ. ಅಲ್ಲಿ ಸರ್ಕಾರಿ ಸುತ್ತೋಲೆಯ ಅಕ್ಷರ ಹಾಕಬೇಕಾ, ನಗೋ ಅಕ್ಷರ ಹಾಕಬೇಕಾ?

ಹಿರಿಯ: ಕರೆಯೋ ಮಾತಿಗೆ ನಗೋ ಅಕ್ಷರ ಹಾಕು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ತಿಂಗಳ ಮಗುಗೆ, ಯಾವ ಲಸಿಕೆ, ಅದಕ್ಕೆಲ್ಲ ಸೀದಾ ಸಾದಾ ಅಕ್ಷರ. ಕರೆಯೋವಾಗ ದನಿ ಮೆತ್ತಗಿರಬಹುದು. ಲೆಕ್ಕ ಹೇಳೋವಾಗ ಸ್ಪಷ್ಟ ಇರಬೇಕು.

ಯುವತಿ: ಒಂದೇ ಬೋರ್ಡಿನಲ್ಲಿ ಎರಡು ಮುಖ. ಇದನ್ನ ಒಪ್ತೀನಿ. ಆದರೆ ನೀವು ಮಾತು ಶುರು ಮಾಡಿದಾಗ ಅಂಗಡಿ ಅಂಗಡಿಗೆ ಗೆರೆ ಹಾಕಿದಿರಿ: ಬೇಕರಿಗೆ ಸರಿ, ಔಷಧಿ ಅಂಗಡಿಗೆ ಬೇಡ. ಈಗ ಗೆರೆ ಬೋರ್ಡಿನ ಒಳಗೇ ಬಂತು. ಔಷಧಿ ಅಂಗಡಿಯ ಹೆಸರೂ ಕರೆಯೋ ಮಾತೇ ತಾನೆ?

ಹಿರಿಯ: ಹೆಸರಿನ ಪಕ್ಕ ಔಷಧಿ ಅನ್ನೋ ಪದ ಇದೆಯಲ್ಲ, ಅದರಲ್ಲಿ ಷಿಯೂ ಇದೆ, ಧಿಯೂ ಇದೆ. ಷಿಯ ಒಳಗಿನ ಗೆರೆ, ಧಿಯ ಸೀಳು ಎರಡೂ ನಿಚ್ಚಳವಾಗಿದ್ದು ರಸ್ತೆಯಾಚೆಯಿಂದ ಓದಿಸಿಕೊಂಡರೆ ಹಾಕು, ನನ್ನದೇನೂ ಅಡ್ಡಿಯಿಲ್ಲ. ಅಡ್ಡಿ ಇರೋದು ಎಚ್ಚರಿಕೆಯ ಬೋರ್ಡಿಗೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡಾಟ ನಿಷೇಧ. ವೇಗವಾಗಿ ಬರೋ ವಾಹನಕ್ಕೆ ಕಾಡಿನ ಪ್ರಾಣಿಗಳು ಸಿಕ್ಕಿ ಸತ್ತಿದ್ದಕ್ಕೇ ಆ ನಿಯಮ ಬಂತು. ಅಲ್ಲಿ ನಿಧಾನವಾಗಿ ಹೋಗಿ ಅನ್ನೋದನ್ನ ಆಟದ ಅಕ್ಷರದಲ್ಲಿ ಬರೆದರೆ ಡ್ರೈವರ್ ಅದನ್ನ ರೆಸಾರ್ಟಿನ ಜಾಹೀರಾತು ಅಂದ್ಕೋತಾನೆ.

ಯುವತಿ: ಅಥವಾ ಅದಕ್ಕೇ ಕಣ್ಣೆತ್ತಿ ನೋಡ್ತಾನೆ. ಗದರಿಸೋ ಬೋರ್ಡು ನೋಡಿ ನೋಡಿ ಜನರ ಕಣ್ಣು ಮರಗಟ್ಟಿದೆ. ಕರಡಿಯೊಂದು ಮಾತಾಡಿದ ಹಾಗೆ, ಇದು ನಮ್ಮ ಮನೆ, ಮೆಲ್ಲಗೆ ಹೋಗಿ ಅಂತ ಬರೆದರೆ ಮನಸ್ಸಿಗೆ ನಾಟಬಹುದು. ಅಕ್ಷರ ನಕ್ಕರೆ ವಿಷಯ ಹಗುರಾಗುತ್ತೆ ಅನ್ನೋದನ್ನ ನಾನು ನಂಬಲ್ಲ. ಕಾಮಿಕ್ ಸಾನ್ಸ್ ಅಂತ ಒಂದು ಇಂಗ್ಲಿಷ್ ಫಾಂಟ್ ಇದೆ. 1994ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕೊನೇರ್ ಮಾಡಿದ್ದು, ಒಂದು ಕಾರ್ಟೂನ್ ನಾಯಿಯ ಮಾತಿನ ಗುಳ್ಳೆಗೆ ಅಂತ. ಎಲ್ಲೆಂದರಲ್ಲಿ ಬಳಸ್ತಾರೆ ಅಂತ ಜಗತ್ತೆಲ್ಲ ಅದನ್ನ ಬೈತು. 2012ರ ಜುಲೈ 4ರಂದು ಜಿನೀವಾದ ಸೆರ್ನ್ ಅನ್ನೋ ಭೌತವಿಜ್ಞಾನ ಸಂಸ್ಥೆಯಲ್ಲಿ ಹಿಗ್ಸ್ ಬೋಸಾನ್ ಅನ್ನೋ ಕಣ ಸಿಕ್ಕಿದ ಸುದ್ದಿ ಹೇಳಿದಾಗ ವಿಜ್ಞಾನಿ ಫ್ಯಾಬಿಯೋಲಾ ಜನೋಟಿ ತೋರಿಸಿದ ಸ್ಲೈಡುಗಳೆಲ್ಲ ಅದೇ ಫಾಂಟಿನಲ್ಲಿದ್ದವು. ಕಣದ ತೂಕ ಅದರಿಂದ ಕಮ್ಮಿ ಆಗಲಿಲ್ಲ. ಅವರು 2016ರಲ್ಲಿ ಆ ಸಂಸ್ಥೆಯ ಮುಖ್ಯಸ್ಥರೇ ಆದರು.

ಹಿರಿಯ: ಆ ಸಭೆಲಿ ಕೂತವರು ಆ ಸುದ್ದಿಗೋಸ್ಕರ ವರ್ಷಗಟ್ಟಲೆ ಕಾದವರು. ಯಾವ ಅಕ್ಷರದಲ್ಲಿ ಬರೆದಿದ್ದರೂ ಓದ್ತಿದ್ದರು. ಲಾರಿ ಡ್ರೈವರಿಗೆ ಸಿಗೋದು ಕಣ್ಣು ಮಿಟುಕಿಸೋವಷ್ಟು ಹೊತ್ತು. ಓದುಗನಿಗೆ ಎಷ್ಟು ಪುರುಸೊತ್ತಿದೆ ಅನ್ನೋದರ ಮೇಲೆ ಅಕ್ಷರ ಆರಿಸಬೇಕು. ಹತ್ತಿರ ನಿಂತು ಓದೋ ಬೋರ್ಡು ಸಫಾರಿ ಕೌಂಟರಿನ ಹತ್ತಿರ ಇರುತ್ತೆ. ಅಲ್ಲಿ ನಿನ್ನ ಕರಡಿ ಮಾತಾಡಲಿ, ಮಕ್ಕಳು ಓದಲಿ. ತಿರುವಿನಲ್ಲಿ ಬೇಡ.

ಯುವತಿ: ತಿರುವು ನಿಮಗೆ, ಕೌಂಟರ್ ನನಗೆ. ಹಾಗಿದ್ದರೆ ನಮ್ಮ ತರಕಾರಿ ಮಂಡಿ ಯಾರಿಗೆ? ಇಲ್ಲಿಂದ ಕೇರಳಕ್ಕೆ ಲಾರಿಗಟ್ಟಲೆ ತರಕಾರಿ ಹೋಗುತ್ತೆ, ತಮಿಳುನಾಡಿನ ಕಡೆಯವರೂ ಬರ್ತಾರೆ. ಗುಂಡ್ಲುಪೇಟೆ ತಾಲೂಕು ಮೂರು ರಾಜ್ಯ ಕೂಡೋ ಜಾಗ. ಕನ್ನಡ, ಮಲಯಾಳ, ತಮಿಳು ಮೂರೂ ಒಂದೇ ಬೋರ್ಡಿನಲ್ಲಿ ಬರಬೇಕಾದಾಗ ಮೊದಲೆಲ್ಲ ನಾನು ಒದ್ದಾಡಬೇಕಿತ್ತು. ಒಂದು ದಪ್ಪ, ಒಂದು ಸಣಕಲು, ಇನ್ನೊಂದು ಬೇರೆ ಕಾಲದ್ದು. ತಮ್ಮ, ಚೇಟ್ಟನ್, ತಂಬಿ ಮೂರನ್ನೂ ಕೂರಿಸಿದರೆ ತೂಕ ಒಂದೇ, ಎತ್ತರ ಹೊಂದುತ್ತೆ. ಯಾವ ಭಾಷೆಯೂ ಇನ್ನೊಂದರ ಮುಂದೆ ಚಿಕ್ಕದಾಗಿ ಕಾಣಲ್ಲ. ಗಡಿಯ ಊರಿಗೆ ಇದು ಸಣ್ಣ ವಿಷಯ ಅಲ್ಲ.

ಹಿರಿಯ: ಇದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ, ಮೆಚ್ಚಬೇಕಾದ ಕೆಲಸ. ಒಂದು ಸಂಶಯ ಮಾತ್ರ ಉಳಿಯುತ್ತೆ. ತಮಿಳಿನಲ್ಲಿ ನೇರ ಗೆರೆ, ಚೂಪು ಮೂಲೆ ಇದಾವೆ. ಅದು ಅದರ ಚೆಲುವು. ಮೂವರಿಗೂ ಒಂದೇ ಅಂಗಿ ತೊಡಿಸಿದಾಗ ಒಬ್ಬೊಬ್ಬರ ನಡಿಗೆ ಮರೆಯಾಗೋದಿಲ್ಲವಾ?

ಯುವತಿ: ಪ್ರತಿ ಲಿಪಿಯನ್ನೂ ಬೇರೆ ಬೇರೆಯಾಗೇ ಬಿಡಿಸಿದ್ದಾರೆ, ಹೆಸರೂ ಬೇರೆ, ಫೈಲೂ ಬೇರೆ. ಆದರೆ ನೀವು ಹೇಳೋ ಅಪಾಯ ಇದ್ದೇ ಇದೆ. ಊರೂರಿಗೂ ಇದೊಂದೇ ಹಬ್ಬಿದರೆ ತೆರಕಣಾಂಬಿಯ ಬೀದಿಗೂ ಮುಂಬೈನ ಬೀದಿಗೂ ವ್ಯತ್ಯಾಸ ಉಳಿಯಲ್ಲ.

ಹಿರಿಯ: ಅದೇ ನನ್ನ ಹೊಟ್ಟೆಯುರಿ. ಗುಂಡ್ಲುಪೇಟೆ ಅಂತ ಬರೀಬೇಕಾದರೆ ನಡುವೆ ಡ್ಲು ಬರುತ್ತೆ. ಕೆಳಗೆ ಲ ಒತ್ತು, ಪಕ್ಕಕ್ಕೆ ಕೊಂಬು. ಹಲಗೆ ಗಿಡ್ಡ ಇದ್ದರೆ ನಾವು ಆ ಒತ್ತನ್ನ ಅರ್ಧ ಕುಗ್ಗಿಸಿ ಪೇ ಅಕ್ಷರದ ಬುಡಕ್ಕೆ ಸರಿಸ್ತಿದ್ದೆವು. ಉದ್ದದ ಹಲಗೆಗೆ ಟೆಯ ಬಾಲ ಎಳೀತಿದ್ದೆವು. ದಾರಕ್ಕೆ ಸುಣ್ಣ ಹಚ್ಚಿ ಗೆರೆ ಹೊಡೆದು, ಎರಡು ಹೆಜ್ಜೆ ಹಿಂದೆ ನಿಂತು, ರಸ್ತೆಯಾಚೆ ಹೋಗಿ ನೋಡಿ ಬಂದು ಆಮೇಲೆ ಎನಾಮಲ್ ಮುಟ್ಟೋದು. ಗೋಡೆ ನೋಡಿ ಅಕ್ಷರ ಹುಟ್ಟುತ್ತಿತ್ತು. ಈಗ ಅಕ್ಷರ ಮೊದಲೇ ಸಿದ್ಧ, ಗೋಡೆ ಹೊಂದಿಕೊಳ್ಳಬೇಕು.

ಯುವತಿ: ಹಿಂದೆ ನಿಂತು ನೋಡೋ ಅಭ್ಯಾಸ ನಿಮ್ಮಿಂದ ನಾವು ಕಲಿಯಬೇಕು. ಪರದೆ ಮೇಲೆ ಚೆಂದ ಕಂಡಿದ್ದು ಬೀದಿಯಲ್ಲಿ ಮಂಕಾಗಿರುತ್ತೆ. ಆದರೆ ಕುಂಚದ ಕಾಲದಲ್ಲಿ ಬೋರ್ಡು ಬರೆಸೋ ಶಕ್ತಿ ಎಷ್ಟು ಜನಕ್ಕಿತ್ತು? ಸೊಪ್ಪು ಮಾರೋಳ ತಳ್ಳುಗಾಡಿಗೆ ಹೆಸರಿರಲಿಲ್ಲ. ಈಗ ಚೆಂದದ ಕನ್ನಡ ಅಕ್ಷರ ಅವಳಿಗೂ ಸಿಗುತ್ತೆ, ಅಕ್ಷರಕ್ಕೆ ಕಾಸಿಲ್ಲ. ಇನ್ನೊಂದು, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದು ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತಾಯ್ತು. ಇಂಗ್ಲಿಷ್ ಹೆಸರನ್ನ ಚೆಂದದ ಅಕ್ಷರದಲ್ಲಿ ಬರೆಸಿ, ಕನ್ನಡವನ್ನ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಅಕ್ಷರದಲ್ಲಿ ತುಂಬಿಸೋರನ್ನ ನೋಡಿದ್ದೀನಿ. ಜಾಗ ಶೇಕಡ 60, ಅಕ್ಕರೆ ಶೇಕಡ 6. ಬಾಲೂ ತಮ್ಮದಲ್ಲಿ ಇಂಗ್ಲಿಷ್ ಅಕ್ಷರವೂ ಒಟ್ಟಿಗೇ ಇದೆ. ಎರಡೂ ಒಂದೇ ಕಳೆಯಲ್ಲಿ ಬರುತ್ತೆ, ಕನ್ನಡ ಬಡವಾಗಲ್ಲ.

ಹಿರಿಯ: ಅಲ್ಲಿ ನೀನು ಗೆದ್ದೆ. ಕಾಟಾಚಾರದ ಕನ್ನಡಕ್ಕಿಂತ ನಗೋ ಕನ್ನಡ ಮೇಲು. ಆದರೂ ಹೇಳು, ಸಾವಿರ ಅಂಗಡಿಗೆ ಒಂದೇ ನಗು ಇದ್ದರೆ ಅದು ಯಾವ ಅಂಗಡಿಯ ಗುರುತು?

ಯುವತಿ: ಅದಕ್ಕೆ ಉತ್ತರ ಬಾಲೂ ಬಿಡೋದಲ್ಲ, ಬಾಲೂವಿನ ಜೊತೆಗೆ ಇನ್ನೂ ಹತ್ತು ಬರೋದು. ಬರ್ತಾನೂ ಇವೆ. ಆಕಾಯ ಕನಡಕ ಅಂತ ಒಂದು ಪ್ರಯೋಗದ ಅಕ್ಷರ ಇದೆ, ಹುಬ್ಬಳ್ಳಿ ಅನ್ನೋ ಹೆಸರಿನದೇ ಒಂದಿದೆ, ಏಕ್ ಟೈಪ್‌ನವರದೇ ಅನೇಕ್ ಕನ್ನಡ ಇದೆ. ಎಲ್ಲವೂ ಉಚಿತ. ನಿಮ್ಮ ಕೈಯ ಅಕ್ಷರವೂ ಯಾಕೆ ಫಾಂಟ್ ಆಗಬಾರದು? ದಿಲ್ಲಿಯಲ್ಲಿ ಹನೀಫ್ ಕುರೇಶಿ ಅನ್ನೋ ಕಲಾವಿದರು ಬೀದಿ ಪೇಂಟರ್‌ಗಳ ಅಕ್ಷರ ಸಂಗ್ರಹಿಸಿ ಫಾಂಟ್ ಮಾಡಿಸಿದರು, ಆಯಾ ಪೇಂಟರ್ ಹೆಸರನ್ನೇ ಅದಕ್ಕಿಟ್ಟರು. 2024ರಲ್ಲಿ ಅವರು ತೀರಿಕೊಂಡರು. ಕೆಲಸ ಉಳಿದಿದೆ.

ಹಿರಿಯ: ಇಂಗ್ಲಿಷಿಗೆ 26 ಅಕ್ಷರ, ಎರಡು ಅಳತೆ. ಕನ್ನಡಕ್ಕೆ ಕಾಗುಣಿತ, ಒತ್ತು, ಒತ್ತಿನ ಮೇಲೆ ಒತ್ತು. ನೂರಾರು ರೂಪ ಬರೀಬೇಕು. ಅಷ್ಟನ್ನೂ ಒಂದೇ ಹದದಲ್ಲಿ ಬರೆಯೋಕೆ ಕೈ ನಡುಗದೆ ಇರಬೇಕಲ್ಲ.

ಯುವತಿ: ನೀವು ಮೂಲ ಬರೆದುಕೊಡಿ, ಉಳಿದಿದ್ದು ನಾವು ಕೂಡಿಸ್ತೀವಿ. ಇದೇ ಊರಿನ ಬೊಮ್ಮರಸ ಹದಿನೈದನೇ ಶತಮಾನದಲ್ಲಿ ಸನತ್ಕುಮಾರ ಚರಿತೆ, ಜೀವಂಧರ ಸಾಂಗತ್ಯ ಬರೆದ. ಕಾವ್ಯದ ಹೆಸರು ಉಳಿಯಿತು, ಅವನ ಕೈಬರಹ ಹೇಗಿತ್ತೋ ನಮಗೆ ಕಾಣೋದಿಲ್ಲ. ನಿಮ್ಮದನ್ನಾದರೂ ಉಳಿಸಿಕೊಳ್ಳೋಣ.

ಹಿರಿಯ: ನೋಡೋಣ. ಆದರೆ ಶ್ರದ್ಧಾಂಜಲಿ ಬ್ಯಾನರಿಗೆ ಆ ಕರಡಿ ಅಕ್ಷರ ಹಾಕಬೇಡ. ಅದೊಂದನ್ನ ಒಪ್ಪಿಕೋ.

ಯುವತಿ: ಪೂರ್ತಿ ಒಪ್ಪಲ್ಲ. ಆ ಬ್ಯಾನರಿನಲ್ಲಿದ್ದವರು ಊರಿನ ಮಕ್ಕಳಿಗೆಲ್ಲ ಬೇಕಾಗಿದ್ದವರು. ನಗ್ತಿದ್ದ ಹಾಗೇ ಇರಲಿ, ಕಪ್ಪು ಬಣ್ಣ ಬೇಡ, ಗಡುಸು ಅಕ್ಷರ ಬೇಡ ಅಂತ ಮನೆಯವರೇ ಕೇಳಿದರು. ದುಃಖಕ್ಕೆ ಒಂದೇ ಮುಖ ಅಂತ ನಾವು ತೀರ್ಮಾನಿಸೋದು ಹೇಗೆ?

ಹಿರಿಯ: ಮನೆಯವರಿಗೆ ಆ ನಗು ಗೊತ್ತು. ದಾರಿಹೋಕನಿಗೆ ಗೊತ್ತಿಲ್ಲ. ಬೀದಿಗೆ ಕಟ್ಟಿದ ಮೇಲೆ ಅದು ದಾರಿಹೋಕನ ಬೋರ್ಡು.

ಯುವತಿ: ಬೀದಿಗೆ ಕಟ್ಟಿದರೂ ಅದು ಮನೆಯವರ ಮಾತು.

ಈ ಪ್ರಶ್ನೆ ಇಬ್ಬರಲ್ಲೂ ಹಾಗೇ ಉಳಿಯಿತು. ಕೂಡಿಬಂದದ್ದೂ ಕಡಿಮೆಯಿಲ್ಲ. ಮಕ್ಕಳ ಪುಸ್ತಕದ ಮುಖಪುಟ, ಶಾಲೆಯ ಗೋಡೆ, ಸಿಹಿತಿಂಡಿ, ಜಾತ್ರೆ, ಆಟೋಟ, ಅಂಗಡಿಯ ಹೆಸರು, ಇವೆಲ್ಲ ಈ ದುಂಡು ಅಕ್ಷರದ ಸ್ವಂತ ಜಾಗ. ಔಷಧದ ಪ್ರಮಾಣ, ತಾರೀಕು, ಬೆಲೆ, ರಸ್ತೆಯ ಎಚ್ಚರಿಕೆ, ಮಗು ತಿದ್ದುವ ಅಕ್ಷರ, ಇವಕ್ಕೆ ನಿಚ್ಚಳವಾದ ಸಾದಾ ಅಕ್ಷರವೇ ಆಗಬೇಕು. ಬೋರ್ಡು ಮಾಡಿಸುವ ಓದುಗರಲ್ಲಿ ಒಂದು ಮನವಿ: ಮುದ್ರಣಕ್ಕೆ ಒಪ್ಪಿಗೆ ಕೊಡುವ ಮುನ್ನ ನಿಮ್ಮ ಹೆಸರನ್ನು ಒಂದು ಹಾಳೆಯ ಮೇಲೆ ತೆಗೆಸಿ ಗೋಡೆಗೆ ಅಂಟಿಸಿ, ರಸ್ತೆಯಾಚೆ ನಿಂತು, ಆ ಹೆಸರು ಮೊದಲೇ ಗೊತ್ತಿಲ್ಲದ ಒಬ್ಬರಿಂದ ಓದಿಸಿ. ದ ಮತ್ತು ಧ ಬೇರೆ ಬೇರೆಯಾಗಿ ಕಂಡರೆ ಆ ಅಕ್ಷರವನ್ನು ಧಾರಾಳವಾಗಿ ಹಾಕಿಸಿ; ಕಾಣದಿದ್ದರೆ ತೂಕ ಇಳಿಸಿ, ಇಲ್ಲವೇ ಅಕ್ಷರವನ್ನೇ ಬದಲಿಸಿ.